ಹೊಗೆ ಇಳಿದ ದಿನ

ಆ ಮನೆಯಲ್ಲಿ ಬೆಂಕಿ ಆರಿಸುವುದೇ ಕುಲಕಸುಬಿನ ಹಾಗೆ. ಯಜಮಾನರ ಅಪ್ಪ ಅಗ್ನಿಶಾಮಕ ಠಾಣೆಯಲ್ಲಿ ದುಡಿದು ಹೋದರು, ಯಜಮಾನರು ಅಲ್ಲೇ ದಫೇದಾರರಾಗಿ ನಿವೃತ್ತರಾದರು, ಈಗ ಮಗನ ಸರದಿ. ಬಾಗಿಲಿಗೆ ತಲೆ ತಗಲುವಷ್ಟು ಬೆಳೆದಿದ್ದರೂ ಅವನು ಎಲ್ಲರ ಬಾಯಲ್ಲಿ ಗುಂಡನೇ. ಕೆಲಸಕ್ಕೆ ಸೇರುವ ದಿನ ತಾಯಿ ಅವನ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದಳು, ಕಾಲರಿಗೆ ಎರಡೆರಡು ಸಲ.

ಠಾಣೆಯಲ್ಲೊಂದು ಪದ್ಧತಿಯಿತ್ತು. ಹೊಸಬ ಮೊದಲ ದಿನ ಒದ್ದೆ ಪೈಪನ್ನು ಹೆಗಲ ಮೇಲೆ ಹೊತ್ತು ಠಾಣೆಯ ತರಬೇತಿ ಗೋಪುರದ ಮೆಟ್ಟಿಲು ಹತ್ತಿ ಇಳಿಯಬೇಕು, ಕಾಲು ಕೈಕೊಟ್ಟು ಬೀಳುವವರೆಗೂ. ನಡುವೆ ನೀರು ಕೇಳುವಂತಿಲ್ಲ. ಕೇಳಿದವನನ್ನು ನಿವೃತ್ತಿಯಾಗುವ ತನಕ ಆಡಿಕೊಳ್ಳುತ್ತಿದ್ದರು. ಆಮೇಲೆ ಮೂತ್ರ ಕಪ್ಪಗೆ ಬಂದರೆ, ಒಳಗಿನ ಹೊಗೆ ಇಳಿಯಿತು, ಹುಡುಗ ಗಂಡಸಾದ ಎಂದು ಮನೆಯವರು ಸಿಹಿ ಹಂಚುತ್ತಿದ್ದರು. ಇದನ್ನು ಮೊದಲು ಯಾವ ಮಹಾನುಭಾವ ಶುರುಮಾಡಿದನೋ, ಕೇಳೋಣವೆಂದರೆ ಅವನಿಲ್ಲ.

ಗುಂಡ ಗೋಡೆ ಹಿಡಿದುಕೊಂಡು ಮನೆಗೆ ಬಂದ. ತೊಡೆಗಳು ಊದಿ ಪ್ಯಾಂಟು ಬಿಗಿದಿತ್ತು. ತುತ್ತು ಬಾಯಿಗೆ ಒಯ್ಯಲು ಕೈ ಏಳಲಿಲ್ಲ, ತಾಯಿಯೇ ತಿನ್ನಿಸಿದಳು. ಆಸ್ಪತ್ರೆಗೆ ತೋರಿಸೋಣವೇ ಎಂದು ಆಕೆ ಮೆಲ್ಲಗೆ ಕೇಳಿದ್ದಕ್ಕೆ ಯಜಮಾನರು ನಕ್ಕರು. ಮೈಕೈ ನೋವಿಗೆಲ್ಲ ಆಸ್ಪತ್ರೆಗೆ ಹೋದರೆ ಠಾಣೆಗೆ ಬೀಗ ಹಾಕಬೇಕು ಎಂದು ನೋವಿನ ಮಾತ್ರೆ ನುಂಗಿಸಿ ಕಾಲಿಗೆ ಎಣ್ಣೆ ತಿಕ್ಕಿಸಿದರು.

ಬೆಳಿಗ್ಗೆ ಬಚ್ಚಲಿನಿಂದ ಗುಂಡ ಅಪ್ಪನನ್ನು ಕೂಗಿ ಕರೆದ. ಹಿಂದೆಯೇ ಹೋದ ತಾಯಿಯೂ ನೋಡಿದಳು. ಹಾಲು ಹಾಕದ ಚಹಾದ ಬಣ್ಣ.

"ಹೊಗೆ ಇಳೀತು ಕಣೇ!" ಎಂದರು ಯಜಮಾನರು. ಅವರ ಕಣ್ಣು ತುಂಬಿತ್ತು. ಹಳೆಯ ಜೊತೆಗಾರರೆಲ್ಲ ಬಂದರು. ನೀರಿನ ಲಾರಿ ಓಡಿಸುತ್ತಿದ್ದ ಚಾಲಕನಂತೂ ಸಿಹಿಯನ್ನು ಕೇಳಿ ಕೇಳಿ ಹಾಕಿಸಿಕೊಂಡ. ಗುಂಡ ಮಲಗಿದಲ್ಲೇ ನಗಲು ನೋಡಿದ. ಸಂಜೆಯ ಹೊತ್ತಿಗೆ ಮೂತ್ರವೇ ನಿಂತಿತು. ಮರುದಿನ ಮಾತು ತೊದಲತೊಡಗಿದಾಗ ಆಸ್ಪತ್ರೆಗೆ ಹೊತ್ತುಕೊಂಡು ಹೋದರು.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ಹೊರಗೆ ಬಂದರು. ಮಿತಿಮೀರಿದ ದುಡಿತಕ್ಕೆ ಮಾಂಸಖಂಡ ಒಡೆದು ರಕ್ತಕ್ಕೆ ಸೇರಿದೆ, ಅದನ್ನು ಸೋಸಲು ಹೋಗಿ ಮೂತ್ರಪಿಂಡ ಕಟ್ಟಿಕೊಂಡಿದೆ, ನೋವಿನ ಮಾತ್ರೆಯಿಂದ ಇನ್ನಷ್ಟು ಕೆಟ್ಟಿದೆ ಎಂದರು. ಎಂಥ ಗಟ್ಟಿ ಆಳಾದರೂ ಹೊಸ ಕೆಲಸ ಮೈಗೆ ದಿನದಿನಕ್ಕೂ ಸ್ವಲ್ಪಸ್ವಲ್ಪವಾಗಿ ಒಗ್ಗಬೇಕು, ನಡುನಡುವೆ ನೀರು, ವಿಶ್ರಾಂತಿ ಬೇಕು ಎಂದರು. ಮೂತ್ರದ ಬಣ್ಣ ಕಂಡ ಕೂಡಲೇ ಕರೆತಂದಿದ್ದರೆ ಡ್ರಿಪ್ ಹಾಕಿ ಉಳಿಸಿಕೊಳ್ಳಬಹುದಿತ್ತೇನೋ.

"ಬಣ್ಣ ಬದಲಾಗಿದ್ದನ್ನ ಯಾರೂ ನೋಡ್ಲಿಲ್ವಾ?"

"ನೋಡಿದ್ವಿ," ಎಂದಳು ತಾಯಿ. "ಸಿಹಿ ಹಂಚಿದ್ವಿ."

ಡಾಕ್ಟರಮ್ಮ ಗುಂಡನ ಬಳಿಗೆ ಮರಳಿದರು. ಸೋಸದೆ ಉಳಿದ ವಿಷ ರಕ್ತದಲ್ಲಿ ಏರಿ ಅಂದೇ ಅವನ ಎದೆಬಡಿತ ನಿಂತಿತು.

ಮಣ್ಣಿಗೆ ಬಂದ ಜೊತೆಗಾರರು, ಹುಡುಗನ ಗುಂಡಿಗೆ ಮೊದಲೇ ಸರಿ ಇರಲಿಲ್ಲವೇನೋ ಎಂದು ಮಾತಾಡಿಕೊಂಡರು. ಯಜಮಾನರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ತಾಯಿಗೆ ಅಳು ಬರಲಿಲ್ಲ. ಬಂದವರು ಅತ್ತುಬಿಡಮ್ಮ ಎಂದರೆ ಆಕೆ ತಲೆಯಾಡಿಸಿ ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಅಡುಗೆ ಮಾಡಿದಳು, ನೆಲ ಒರೆಸಿದಳು, ಗುಂಡನ ಸಮವಸ್ತ್ರವನ್ನೂ ಒಗೆದು ಮಡಚಿಟ್ಟಳು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು, ಒಳಗೆ ಏನೂ ಇರಲಿಲ್ಲ. ಚಹಾ ಮಾಡುವುದೊಂದನ್ನು ಮಾತ್ರ ಬಿಟ್ಟಳು, ಯಜಮಾನರೂ ಕೇಳಲಿಲ್ಲ.

ಅತ್ತ ಠಾಣೆಯಲ್ಲಿ ಪದ್ಧತಿ ನಡೆದೇ ಇತ್ತು. ಒಂದು ಬೆಳಿಗ್ಗೆ ಯಜಮಾನರಿಗೆ ಫೋನು ಬಂತು. ಲಾರಿ ಚಾಲಕನದು, ಅವನ ಮಗ ಹಿಂದಿನ ದಿನವಷ್ಟೇ ಕೆಲಸಕ್ಕೆ ಸೇರಿದ್ದ. ಚಾಲಕನ ದೊಡ್ಡ ಗಂಟಲು ಆಚೆ ಕೂತಿದ್ದ ತಾಯಿಗೂ ಕೇಳಿಸಿತು. "ದಫೇದಾರ್ರೇ, ನಮ್ಮ ಹುಡುಗಂಗೂ ಹೊಗೆ ಇಳೀತು! ನೀವು ಬಂದು ಹರಸ್ಬೇಕು."

ಇಂಥ ಮಾತಿಗೆ ಭೇಷ್ ಎನ್ನುವುದು ವಾಡಿಕೆ. ಯಜಮಾನರು ಫೋನನ್ನು ಕಿವಿಗೆ ಒತ್ತಿ ಹಿಡಿದರು. ತಾಯಿ ಎದ್ದು ಬಂದು ಫೋನಿಗಾಗಿ ಕೈ ಚಾಚಿದಳು. ಅವರು ಕೊಡಲಿಲ್ಲ.

"ಅದು ಹೊಗೆ ಅಲ್ಲ ಕಣೋ," ಎಂದರು. "ಹುಡುಗನ ಮೈ ಕರಗಿ ಹೋಗ್ತಾ ಇರೋದು. ನನ್ನ ಮಗಂದು ಇಳಿದಾಗ ನಾನು ಸಿಹಿ ಹಂಚ್ದೆ, ನೀನೂ ತಿಂದೆ. ಮಾತ್ರೆಗೀತ್ರೆ ಕೊಡ್ಬೇಡ, ಈಗ್ಲೇ ಆಸ್ಪತ್ರೆಗೆ ಹೊರಡು."

ಠಾಣೆಯವರು ಏನಂದಾರು ಎಂದು ಆ ಕಡೆಯವನು ತಡವರಿಸಿದ.

"ನನ್ನ ಹೆಸರು ಹೇಳು. ದಫೇದಾರನೇ ಕಳಿಸಿದ ಅನ್ನು."

ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಗೆ ಹೋದರು. ಅದೇ ಡಾಕ್ಟರಮ್ಮ ಯಾವ ಬಣ್ಣ ಎಂದು ಕೇಳಿದರು. ಚಾಲಕ ಬಾಯಿ ಬಿಡುವ ಮೊದಲೇ ತಾಯಿ ಹೇಳಿದಳು, "ಹಾಲು ಹಾಕದ ಚಹಾ." ಡ್ರಿಪ್ ಹಾಕಿದರು, ಮತ್ತೆ ಮತ್ತೆ ರಕ್ತ ನೋಡಿದರು. ಯಜಮಾನರು ಅಲ್ಲಿಂದ ನೇರವಾಗಿ ಠಾಣೆಗೆ ಹೋಗಿ, ಗೋಪುರದ ಮೆಟ್ಟಿಲ ಬಳಿ ನೀರಿನ ಕೊಡ ಇಟ್ಟುಕೊಂಡು ಕೂತರು. ಇನ್ನು ಯಾವ ಹೊಸಬನೂ ಇಲ್ಲಿ ನೀರಿಲ್ಲದೆ ಹತ್ತುವಂತಿಲ್ಲ, ಬೀಳುವ ತನಕ ಹತ್ತುವಂತೆಯೂ ಇಲ್ಲ ಎಂದರು. ಕೆಲವರು ನಕ್ಕರಂತೆ. ಯಜಮಾನರು ಏಳಲಿಲ್ಲ.

ಕೆಲವು ದಿನದ ಮೇಲೆ ನರ್ಸು ಹುಡುಗನ ಮೂತ್ರದ ಚೀಲವನ್ನು ಬೆಳಕಿಗೆ ಎತ್ತಿ ಹಿಡಿದು, ಇನ್ನು ಭಯವಿಲ್ಲ ಎಂದಳು. ನೀರಿನಷ್ಟು ತಿಳಿಯಾಗಿತ್ತು. ಚಾಲಕ ಕೈ ಮುಗಿದ. ಗುಂಡನ ತಾಯಿ ಆ ಬಣ್ಣವನ್ನೇ ನೋಡುತ್ತಾ ನಿಂತಿದ್ದಳು. ಮಗ ಹೋದಂದಿನಿಂದ ಬಾರದ ಅಳು ಅಲ್ಲಿ, ಯಾರದೋ ಮಗನ ಮಂಚದ ಬಳಿ, ಬಂತು.