ನಾಲ್ಕನೆಯ ಬೇಡಿಕೆ

ಅಂಗಳದಲ್ಲಿ ಅತ್ತೆಯ ಹೆಣ ತೊಳೆಯಲು ನೀರು ಕಾಯುತ್ತಿದ್ದರೆ, ಸೊಸೆ ವೆಂಕಟರತ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹುಳುಮನೆಯಲ್ಲಿ ಚಂದ್ರಂಕಿಗಳನ್ನು ಗಾಳಿಗೆ ತಿರುಗಿಸಿಡುತ್ತಿದ್ದಳು. ಆಳೆತ್ತರದ ಬಿದಿರು ತಟ್ಟೆಗಳು; ಅವುಗಳ ಸುರುಳಿಯ ಸಂದುಗಳಲ್ಲೆಲ್ಲ ಹಳದಿ ರೇಷ್ಮೆಗೂಡು. ಹುಳು ಗೂಡು ಕಟ್ಟಿ ಐದನೆಯ ದಿನ. ನಾಳೆ ಬಿಡಿಸಿ ಮಾರುಕಟ್ಟೆಗೆ ಹಾಕಬೇಕು. ಇವತ್ತು ಗಾಳಿಯಾಡದಿದ್ದರೆ ಗೂಡಿಗೆ ಕಲೆ ಬೀಳುತ್ತದೆ. ಮನೆಯಲ್ಲಿ ಸಾವಾಗಿದೆಯೆಂದು ಗೂಡು ಒಂದು ದಿನ ತಡೆದುಕೊಳ್ಳುವುದಿಲ್ಲ.

ಬಾಗಿಲ ಹೊರಗೆ ನಿಂತ ಅತ್ತೆಯ ಗೆಳತಿ ಆಂಜಿನಮ್ಮ ಬಾಯಿಗೆ ಸೆರಗು ಹಿಡಿದಳು.

"ಅಯ್ಯೋ ದೇವುಡಾ! ಏನೇ ಇದು ರತ್ನಮ್ಮಾ, ಸಾವಿನ ಮನೆ ಕೈಲಿ ಗೂಡು ಮುಟ್ತೀಯಲ್ಲೇ! ಬೆಳೆ ಉಳೀತದಾ?"

"ಅತ್ತೆ ಇದ್ದಿದ್ರೂ ಹಿಂಗೇ ಮಾಡ್ತಿದ್ರು ಕಣಕ್ಕಾ."

"ನಿಮ್ಮತ್ತೆ ಬಿಡು, ಯಾವತ್ತು ಯಾರ ಮಾತು ಕೇಳಿದ್ಲು" ಎಂದಳು ಆಂಜಿನಮ್ಮ. ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂತು. ಆದರೂ ಹೊಸ್ತಿಲು ಮಾತ್ರ ದಾಟಲಿಲ್ಲ. ಸಾದಲಿ ಕಡೆಯ ಹುಳು ಸಾಕುವವರಲ್ಲಿ ಇದೊಂದು ಕಟ್ಟುನಿಟ್ಟು. ಸಾವಿನ ಮನೆಗೆ ಹೋಗಿ ಬಂದವರು ಸ್ನಾನ ಮಾಡಿದರೂ ಸರಿಯೆ, ಮರುದಿನದವರೆಗೆ ಹುಳುಮನೆ ಹೊಗುವುದಿಲ್ಲ, ಯಾರ ಮನೆಯ ಗೂಡನ್ನೂ ಮುಟ್ಟುವುದಿಲ್ಲ.

ಅತ್ತೆ ಕೊಂಡಮ್ಮ ಬೆಳಗಿನ ಜಾವ ಹೋಗಿದ್ದಳು. ಅರವತ್ತರ ಆಸುಪಾಸು. ಸ್ವಂತಕ್ಕೆ ಗೇಣು ಜಮೀನಿಲ್ಲ. ಚೆನ್ನರಾಯಪ್ಪನವರ ಹಿಪ್ಪುನೇರಳೆ ತೋಟದ ಸೊಪ್ಪು ತಂದು ಮೂವತ್ತು ವರ್ಷ ಪಾಲಿಗೆ ಹುಳು ಸಾಕಿದವಳು. ಮನೆ ಸಣ್ಣದು, ಮಾತು ದೊಡ್ಡದು. ಆ ಮಾತಿನ ದೆಸೆಯಿಂದಲೇ ಎಂಬತ್ತೆಂಟನೆಯ ಇಸವಿಯಲ್ಲಿ ಹೋಬಳಿಯ ಗೂಡು ಮಾರುಕಟ್ಟೆಯ ಸಲಹಾ ಸಮಿತಿಗೆ ಸದಸ್ಯೆಯಾದಳು. ಏಳು ಜನರ ಸಮಿತಿ. ಪ್ರತಿವರ್ಷ ವಿಧಾನಸಭೆಯ ಅಧಿವೇಶನಕ್ಕೆ ಮುಂಚೆ, ಯಾವ ಕಾನೂನು ಬೇಕು, ಯಾವುದು ತಿದ್ದಬೇಕು ಎಂದು ಸರ್ಕಾರಕ್ಕೆ ಬೇಡಿಕೆ ಪಟ್ಟಿ ಕಳಿಸುವುದು ಅದರ ಕೆಲಸ. ಮೂರು ಬೇಡಿಕೆಗೆ ಮಾತ್ರ ಜಾಗ. ಈ ಐದು ವರ್ಷವೂ ಕೊಂಡಮ್ಮನದು ನಾಲ್ಕನೆಯದಾಗಿ ಹೊರಗೇ ಉಳಿದಿತ್ತು.

ಈ ವರ್ಷದ ಸಭೆ ಇವತ್ತೇ, ಹನ್ನೊಂದು ಗಂಟೆಗೆ.

ಹತ್ತರ ಹೊತ್ತಿಗೆ ಚೆನ್ನರಾಯಪ್ಪನವರ ಜೀಪು ಬಂತು. ಸಮಿತಿಯ ಅಧ್ಯಕ್ಷರೂ ಅವರೇ. ಜೊತೆಗೆ ನೂಲು ಬಿಚ್ಚುವ ಕಾರ್ಖಾನೆಯ ನರಸಿಂಹಪ್ಪ, ಇನ್ನೂ ಮೂವರು ಸದಸ್ಯರು, ಮಾರುಕಟ್ಟೆಯ ಕಾರ್ಯದರ್ಶಿ ಶ್ಯಾಮಲಮ್ಮ. ಚೆನ್ನರಾಯಪ್ಪನವರು ತಾವೇ ಹಾರ ಹಾಕಿ, ಟವೆಲಿನಿಂದ ಕಣ್ಣೊರೆಸಿಕೊಂಡರು. ನಾಟಕವೇನಲ್ಲ, ಮೂವತ್ತು ವರ್ಷದ ಒಡನಾಟ.

"ಕೊಂಡಮ್ಮನಂಥ ಹೆಂಗಸು ಈ ಹೋಬಳೀಲಿ ಇನ್ನೊಬ್ಳು ಹುಟ್ಟಲ್ಲ. ಇವತ್ತಿನ ಮೀಟಿಂಗ್ ಕ್ಯಾನ್ಸಲ್ ಮಾಡಿದೀವಿ ಕಣಪ್ಪ. ಆಯಮ್ಮನ ಮರ್ಯಾದೆಗೆ" ಎಂದು ಕೊಂಡಮ್ಮನ ಮಗ ರಾಮಾಂಜಿನಪ್ಪನ ಹೆಗಲ ಮೇಲೆ ಕೈಯಿಟ್ಟರು.

ರಾಮಾಂಜಿನಪ್ಪ ಕೈಮುಗಿದ. ಸುತ್ತಲಿದ್ದವರು ತಲೆದೂಗಿದರು. ದೊಡ್ಡವರು ದೊಡ್ಡವರೇ ಎಂದು ಯಾರೋ ಅಂದರು.

ವೆಂಕಟರತ್ನಮ್ಮ ಮಾತ್ರ ಶ್ಯಾಮಲಮ್ಮನನ್ನು ಹಿತ್ತಲಿಗೆ ಕರೆದಳು. "ಮೇಡಂ, ಮೀಟಿಂಗ್ ಆಗಿಲ್ಲ ಅಂದ್ರೆ ಪಟ್ಟಿ ಏನಾಗ್ತದೆ?"

ಶ್ಯಾಮಲಮ್ಮ ಬ್ಯಾಗಿನ ಹಿಡಿ ತಿರುಚುತ್ತಾ ಹೇಳಿದಳು. "ಇವತ್ತು ಐದು ಗಂಟೆ ಒಳಗೆ ಬೆಂಗಳೂರು ಆಫೀಸಿಗೆ ಮುಟ್ಟಿಸ್ಬೇಕಮ್ಮ. ಒಂದು ಗಂಟೆ ಬಸ್ಸಿಗೆ ನಾನೇ ಹೋಗ್ತಿದೀನಿ. ಸಭೆ ನಡೀಲಿಲ್ಲ ಅಂದ್ರೆ ಹೋದ ವರ್ಷದ ಪಟ್ಟೀನೇ ಹೋಗೋದು."

ಹೋದ ವರ್ಷದ ಪಟ್ಟಿಯಲ್ಲಿ ಅತ್ತೆಯ ಬೇಡಿಕೆ ಇರಲಿಲ್ಲ. ಮುಂದಿನ ವರ್ಷ ಅದನ್ನು ಎತ್ತಲು ಅತ್ತೆಯೇ ಇರುವುದಿಲ್ಲ. ಇವರು ಕೊಡುತ್ತಿರುವ ಮರ್ಯಾದೆಯಿಂದಲೇ ಆ ಬೇಡಿಕೆಗೂ ಇವತ್ತೇ ಮಣ್ಣು ಬೀಳುತ್ತದೆ ಎಂದು ವೆಂಕಟರತ್ನಮ್ಮನಿಗೆ ಹೊಳೆಯಿತು. ಬೆಳಗಿನಿಂದ ಬಾರದ ಸಿಟ್ಟು ಆಗ ಬಂತು.

*

ಬೇಡಿಕೆಯಾದರೂ ಏನು? ಮಾರುಕಟ್ಟೆಯಲ್ಲಿ ಗೂಡಿನ ರಾಶಿಯ ಮೇಲೆ ಇಡುವ ಚೀಟಿಯಲ್ಲಿ, ಸೊಪ್ಪು ಬೆಳೆದ ಜಮೀನಿನವರ ಹೆಸರಿನ ಬದಲು ಹುಳು ಸಾಕಿದವರ ಹೆಸರು ಬರೆಯಬೇಕು. ಅಷ್ಟೇ.

ಇದು ಶುರುವಾದದ್ದು ಎಂಬತ್ತೇಳರಲ್ಲಿ. ವೆಂಕಟರತ್ನಮ್ಮ ಆಗಿನ್ನೂ ಹೊಸ ಸೊಸೆ. ಆ ಸಲದ ಗೂಡು ಎಷ್ಟು ಚೆನ್ನಾಗಿತ್ತೆಂದರೆ, ಹರಾಜಿಗೆ ಬಂದ ದೊಡ್ಡ ಅಧಿಕಾರಿಯೊಬ್ಬರು ಒಂದು ಗೂಡು ಎತ್ತಿ ಹಿಡಿದು, "ಯಾರ್ರೀ ಈ ಚೆನ್ನರಾಯಪ್ಪ? ಏನು ಸಾಕಿದಾರ್ರೀ ಹುಳಾನ!" ಎಂದು ಚೀಟಿ ನೋಡಿ ಕೂಗಿದರು. ಚೆನ್ನರಾಯಪ್ಪನವರು ಮುಂದೆ ಬಂದು ಶಾಲು ಹೊದಿಸಿಕೊಂಡರು. ಪೊರೆ ಕಳಚುವ ಮುಂಚೆ ಹುಳುವಿಗೆ ಬರುವ ಜ್ವರ ನಾಲ್ಕೋ ಐದೋ ಎಂಬುದು ಕೂಡ ಅವರಿಗೆ ಗೊತ್ತಿರಲಿಲ್ಲ. ಕೊಂಡಮ್ಮ ರಾಶಿಯ ಪಕ್ಕದಲ್ಲೇ ಬುಟ್ಟಿ ಹಿಡಿದು ನಿಂತಿದ್ದಳು.

ಮನೆ ಬಾಗಿಲಿಗೆ ಬಂದಾಗ ಅವಳು ಸೊಸೆಗೆ ಅಂದಳು: "ಶಾಲು ಬೇಡ ಕಣಮ್ಮ ನಂಗೆ. ಕೂಗಿದ್ರಲ್ಲ, ಆ ಕೂಗು ನಂದು."

ಸಮಿತಿಗೆ ಸೇರಿದ ಮೇಲೆ ಅವಳು ಹಿಡಿದ ಹಟ ಬಿಡಲಿಲ್ಲ. ಸಮಿತಿಯಲ್ಲಿ ಓದು ಬರದವರೂ ಇದ್ದುದರಿಂದ ಅಲ್ಲಿ ಗೂಡಿನಿಂದಲೇ ಮತ. ಒಬ್ಬೊಬ್ಬರಿಗೆ ಮೂರು ಗೂಡು. ಒಂದೊಂದು ಬೇಡಿಕೆಗೆ ಒಂದೊಂದು ತಟ್ಟೆ. ಮೇಲೆ ಮುಚ್ಚಿದ ಟವೆಲಿನಡಿ ಕೈಯಿಟ್ಟು ಬೇಕೆನಿಸಿದ ತಟ್ಟೆಗೆ ಹಾಕುವುದು. ಹೆಚ್ಚು ಗೂಡು ಬಿದ್ದ ಮೂರು ತಟ್ಟೆ ಬೆಂಗಳೂರಿಗೆ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಸರಿಸಮ ಬಿದ್ದರೆ ಮಾತ್ರ ಎರಡೂ ಹೋಗುತ್ತವೆ.

ಹೋದ ವರ್ಷವಂತೂ ತುತ್ತು ಬಾಯಿಗೆ ಬಂದಿತ್ತು. ಕೊಂಡಮ್ಮ ತನ್ನ ಎರಡು ಗೂಡು ಹಾಕಿದಳು, ಸಮಿತಿಯ ಇನ್ನೊಬ್ಬ ಸದಸ್ಯೆ ಆಂಜಿನಮ್ಮ ಒಂದು ಹಾಕಿದಳು. ಇನ್ನೊಂದು ಬಿದ್ದಿದ್ದರೆ ಸರಿಸಮ. ಕೊಂಡಮ್ಮ ತನ್ನ ಮೂರನೆಯ ಗೂಡನ್ನು ಅಭ್ಯಾಸಬಲದಿಂದ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಸದ್ದಿಲ್ಲ. ಹುಳು ಒಳಗೇ ಸತ್ತು ಕರಗಿದೆ. "ಇದು ಗೂಡಲ್ಲ" ಎಂದು ಪಕ್ಕಕ್ಕಿಟ್ಟಳು.

"ಬೇರೆ ತಗೊಳ್ಳಿ ಕೊಂಡಮ್ಮ" ಎಂದು ಶ್ಯಾಮಲಮ್ಮ ಬುಟ್ಟಿ ಚಾಚಿದರೆ, "ಪಾಲಿಗೆ ಬಂದಿದ್ದನ್ನ ಬದಲಾಯಿಸ್ಕೊಂಡು ನಂಗೆ ರೂಢಿ ಇಲ್ಲಮ್ಮ" ಎಂದುಬಿಟ್ಟಳು. ಮೂವತ್ತು ವರ್ಷ ಪಾಲಿಗೆ ದುಡಿದವಳ ನಿಯತ್ತು ಅದು. ಬೇಡಿಕೆ ಒಂದೇ ಒಂದು ಗೂಡಿನಲ್ಲಿ ಬಿದ್ದುಹೋಯಿತು. ಮನೆಗೆ ಬಂದ ಮೇಲೆ ವೆಂಕಟರತ್ನಮ್ಮ ಮೂರು ದಿನ ಅತ್ತೆಯೊಡನೆ ಮಾತು ಬಿಟ್ಟಿದ್ದಳು. ಆ ಮೂರು ದಿನ ಇನ್ನು ವಾಪಸು ಬರುವುದಿಲ್ಲ.

*

"ಮೀಟಿಂಗ್ ನಿಲ್ಲಿಸ್ಬೇಡಿ ಚೆನ್ನರಾಯಪ್ಪನೋರೆ. ಇಲ್ಲೇ ಮಾಡಿ. ಎಲ್ರೂ ಇದೀರ."

ಹಿತ್ತಲಿಂದ ಬಂದ ವೆಂಕಟರತ್ನಮ್ಮನ ಈ ಮಾತಿಗೆ ಅಂಗಳದ ಅಳು ಗಕ್ಕನೆ ನಿಂತಿತು. ರಾಮಾಂಜಿನಪ್ಪ ಚಟ್ಟ ಕಟ್ಟುವ ಹಗ್ಗ ಕೈಯಲ್ಲಿ ಹಿಡಿದೇ ಎದ್ದ. "ತಲೆ ಕೆಟ್ಟಿದೆಯೇನೇ ನಿಂಗೆ? ಅವ್ವನ ಹೆಣ ಇಟ್ಕೊಂಡು ಮೀಟಿಂಗಾ?"

"ನಿಮ್ಮವ್ವ ಐದು ವರ್ಷ ಒದ್ದಾಡಿದ್ದು ಅದಕ್ಕೇ ಅಲ್ವಾ. ಇವತ್ತು ನಿಂತ್ರೆ ಅದೂ ಸತ್ತಂಗೇ."

ಚೆನ್ನರಾಯಪ್ಪನವರು ತಾಳ್ಮೆಯಿಂದಲೇ ಹೇಳಿದರು. "ನೋಡಮ್ಮ, ನಂಗೇನೂ ಅಡ್ಡಿಯಿಲ್ಲ. ಆದ್ರೆ ಮತ ಹಾಕೋದು ಗೂಡಲ್ಲಿ. ಸಾವಿನ ಮನೇಲಿ ನಿಂತಿದೀವಿ. ಇವತ್ತು ಈ ಕೈಲಿ ಯಾರು ಗೂಡು ಮುಟ್ತಾರೆ? ಯಾರ ಬೆಳೆಗೆ ಕೇಡು ತರಣ ಹೇಳು."

ಸದಸ್ಯರೆಲ್ಲ ಹೌದೆಂದರು. ಕೈಯೆತ್ತಿ ಮತ ಹಾಕಬಹುದಲ್ಲ ಎಂದು ಶ್ಯಾಮಲಮ್ಮ ಅರ್ಧ ಮಾತು ಆಡಿದಳು. ಚೆನ್ನರಾಯಪ್ಪನವರ ಎದುರಿಗೆ, ಅವರದೇ ಸೊಪ್ಪು ಗುತ್ತಿಗೆಗೆ ಹಿಡಿದವರು ಯಾರು ಕೈಯೆತ್ತುತ್ತಾರೆ? ತಟ್ಟೆಗಾದರೆ ಟವೆಲಿನ ಮರೆಯಲ್ಲಿ ಹಾಕಬಹುದಿತ್ತು. ಮಾತು ಅಲ್ಲಿಗೇ ನಿಂತಿತು.

"ನಮ್ಮ ಗೂಡಿಗೆ ಸೂತಕ ಆಗ್ಲೇ ತಗುಲಿದೆ" ಎಂದಳು ವೆಂಕಟರತ್ನಮ್ಮ. "ಬೆಳಗಿಂದ ಈ ಕೈಲೇ ಮುಟ್ಟಿದೀನಿ. ಬನ್ನಿ, ನಮ್ಮ ಚಂದ್ರಂಕಿಯಿಂದಾನೇ ಬಿಡಿಸ್ಕೊಳ್ಳಿ. ಕೇಡು ಬಂದ್ರೆ ನಮ್ಮ ಬೆಳೆಗೆ ಬರ್ಲಿ."

ರಾಮಾಂಜಿನಪ್ಪನ ಮುಖ ಬಿಳಿಚಿತು. ಇಷ್ಟು ಜನ ಒಟ್ಟಿಗೆ ಹುಳುಮನೆ ಹೊಕ್ಕರೆ ಈ ಬೆಳೆಯಷ್ಟೇ ಅಲ್ಲ, ಮುಂದಿನ ಬೆಳೆಯೂ ಕೈಗೆ ಹತ್ತದು ಎಂಬ ಭಯ ಅವನದು. ಆ ಭಯ ವೆಂಕಟರತ್ನಮ್ಮನಿಗೂ ಇತ್ತು. ಆದರೂ ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ನಿಂತಳು.

ಆಮೇಲೆ ಆಂಜಿನಮ್ಮ, ಬೆಳಿಗ್ಗೆ ಬಾಯಿಗೆ ಸೆರಗು ಹಿಡಿದಿದ್ದ ಅದೇ ಆಂಜಿನಮ್ಮ, ಹೊಸ್ತಿಲು ದಾಟಿದಳು. "ಪೋನಿ ಬಿಡು, ಕೊಂಡಮ್ಮನ ಗೂಡು ತಾನೇ" ಎನ್ನುತ್ತಾ ಮೂರು ಗೂಡು ಬಿಡಿಸಿಕೊಂಡಳು. ಅವಳ ಹಿಂದೆ ನರಸಿಂಹಪ್ಪ ಹೋದ. ಉಳಿದವರೂ ಹೋದರು. ಕೊನೆಗೆ ಅಧ್ಯಕ್ಷರು ಚಪ್ಪಲಿ ಬಿಟ್ಟು ತಲೆ ತಗ್ಗಿಸಿ ಒಳಗೆ ಬಂದರು. ತಮ್ಮದೇ ಸೊಪ್ಪು ತಿಂದ ಹುಳುವಿನ ಮನೆಯೊಳಕ್ಕೆ ಅವರು ಕಾಲಿಟ್ಟದ್ದು ಅದೇ ಮೊದಲು.

ಜಗಲಿಯ ಮೇಲೆ ಐದು ಊಟದ ತಟ್ಟೆ ಇಟ್ಟು ಟವೆಲು ಮುಚ್ಚಿದರು. ಶ್ಯಾಮಲಮ್ಮ ಬೇಡಿಕೆಗಳನ್ನು ಓದಿದಳು. ಚೀನಾ ರೇಷ್ಮೆಗೆ ತಡೆ, ಮಾರುಕಟ್ಟೆಗೆ ಚಾವಣಿ, ಹುಳುವಿನ ಮೊಟ್ಟೆ ಮಾರುವವರ ಮೇಲೆ ಕಾನೂನು, ತೂಕದ ತಪಾಸಣೆ, ಕೊನೆಯದಾಗಿ ಚೀಟಿಯಲ್ಲಿ ಹೆಸರು.

"ನಾನು ಮುಚ್ಚುಮರೆ ಮಾಡಲ್ಲ. ಕೊಂಡಮ್ಮನ ತಟ್ಟೆಗೆ ನಾನು ಹಾಕಲ್ಲ" ಎಂದರು ಚೆನ್ನರಾಯಪ್ಪನವರು. "ಇವತ್ತು ಚೀಟೀಲಿ ಹೆಸರು, ನಾಳೆ ಪಹಣೀಲಿ ಹೆಸರು. ಎಪ್ಪತ್ನಾಲ್ಕರಲ್ಲಿ ಉಳುವವನೇ ಒಡೆಯ ಅಂತ ನಮ್ಮಪ್ಪ ಜಮೀನು ಕಳ್ಕೊಂಡಿದ್ದು ಸಾಕು. ಆಯಮ್ಮನ ಎದುರಿಗೂ ಇದನ್ನೇ ಹೇಳಿದೀನಿ, ಈಗ್ಲೂ ಅದೇ."

"ಹೇಳಿದ್ರಲ್ಲ, ಅದಕ್ಕೇ ಅತ್ತೆ ನಿಮ್ಮನ್ನ ಮೆಚ್ಕೊಂಡಿದ್ರು" ಎಂದಳು ವೆಂಕಟರತ್ನಮ್ಮ. ಅದು ನಿಜವೂ ಆಗಿತ್ತು.

ಒಬ್ಬೊಬ್ಬರಾಗಿ ಟವೆಲಿನಡಿ ಕೈಯಿಟ್ಟರು. ಕೊನೆಯವನು ನರಸಿಂಹಪ್ಪ. ಎರಡು ಗೂಡು ಬೇಗ ಹಾಕಿದ. ಮೂರನೆಯದನ್ನು ಹಿಡಿದು ನಿಂತುಬಿಟ್ಟ. ಅಂಗಳದ ಜನವೆಲ್ಲ ಅವನ ಕೈಯನ್ನೇ ನೋಡುತ್ತಿತ್ತು. ಅವನು ಯಾರಿಗೆಂದಿಲ್ಲದೆ ಗೊಣಗಿದ: "ಗೂಡಿನ ನೂಲು ಹರಿದ್ರೆ ಬೈಯೋಕಾದ್ರೂ ಸರಿಯಾದ ಹೆಸರು ಬೇಕಲ್ವಾ." ಕೈ ಟವೆಲಿನೊಳಕ್ಕೆ ಹೋಗಿ ಬರಿದಾಗಿ ಬಂತು.

ಶ್ಯಾಮಲಮ್ಮ ಟವೆಲು ತೆಗೆದಳು. ಚಾವಣಿಗೆ ಐದು, ಚೀನಾ ರೇಷ್ಮೆಗೆ ಐದು. ಮೊಟ್ಟೆಗೆ ಮೂರು, ತೂಕಕ್ಕೆ ಒಂದು. ಕೊಂಡಮ್ಮನ ತಟ್ಟೆಯಲ್ಲಿ ನಾಲ್ಕು.

ಯಾರೂ ಚಪ್ಪಾಳೆ ತಟ್ಟಲಿಲ್ಲ, ಹೆಣ ಮುಂದಿತ್ತು. ಆಂಜಿನಮ್ಮ ಮಾತ್ರ ಗೆಳತಿಯ ತಲೆದೆಸೆಯಲ್ಲಿ ಕೂತು, "ಕೇಳಿಸ್ತಾ? ಮೂರ್ನೇದು ಕಣೇ" ಎಂದು ಜೋರಾಗಿ ಅತ್ತಳು. ಚೆನ್ನರಾಯಪ್ಪನವರು ಪಟ್ಟಿಯನ್ನು ಒಮ್ಮೆ ಓದಿ, ಜೇಬಿನಿಂದ ಪೆನ್ನು ತೆಗೆದು ಸಹಿ ಮಾಡಿದರು. ಸೋತ ಮುಖ ಮುಚ್ಚಿಕೊಳ್ಳಲಿಲ್ಲ, ಸಹಿಯನ್ನೂ ಸಣ್ಣದು ಮಾಡಲಿಲ್ಲ. ಶ್ಯಾಮಲಮ್ಮ ಪಟ್ಟಿಯನ್ನು ಬ್ಯಾಗಿಗೆ ಹಾಕಿ, ಸಾವಿನ ಮನೆಯ ಸ್ನಾನ ಬೆಂಗಳೂರಲ್ಲೇ ಮಾಡ್ತೀನಿ ಎನ್ನುತ್ತಾ ಹೊಲಗಳಾಚೆಯ ಬಸ್‌ಸ್ಟಾಪಿಗೆ ಓಡಿದಳು.

*

ಹೆಣ ಎತ್ತಿದಾಗ ಒಂದು ದಾಟಿತ್ತು. ತಮಟೆಯವರು ಮುಂದೆ, ಬೆಂಕಿ ಮಡಕೆ ಹಿಡಿದ ರಾಮಾಂಜಿನಪ್ಪ ಅವರ ಹಿಂದೆ, ಆಮೇಲೆ ಚಟ್ಟ. ವೆಂಕಟರತ್ನಮ್ಮ ಹೆಂಗಸರ ಜೊತೆ ಹಿಂದೆ ನಡೆಯುತ್ತಿದ್ದಳು. ಹೊಲಗಳ ನಡುವೆ ಒಂದೇ ಗಾಡಿಯಗಲದ ರಸ್ತೆ. ಎದುರಿಗೆ ಶಿಡ್ಲಘಟ್ಟಕ್ಕೆ ಹೋಗುವ ಒಂದು ಗಂಟೆಯ ಬಸ್ಸು ಬಂತು.

ಡ್ರೈವರು ಹೆಣ ಕಂಡ ಕೂಡಲೆ ಬ್ರೇಕ್ ಹಾಕಿ ಎಂಜಿನ್ ಆರಿಸಿದ. ಕಂಡಕ್ಟರು ಇಳಿದು ಕೈಮುಗಿದ. ಪದ್ಧತಿಯಂತೆ ಬಸ್ಸೇ ಕಾಯಬೇಕು. ಅಥವಾ ಹಿಂದಕ್ಕೆ ಹೋಗಿ ಆಲದ ಮರದ ಹತ್ತಿರ ನಿಲ್ಲಬೇಕು. ಕಿಟಕಿಯಲ್ಲಿ ಶ್ಯಾಮಲಮ್ಮನ ಮುಖ ಕಂಡಿತು. ಅವಳು ಗಡಿಯಾರ ನೋಡಿಕೊಂಡಳು, ಬ್ಯಾಗನ್ನು ಎದೆಗೊತ್ತಿಕೊಂಡಳು. ಶಿಡ್ಲಘಟ್ಟದಲ್ಲಿ ಬೆಂಗಳೂರಿನ ಬಸ್ಸು ಇವರಿಗಾಗಿ ಕಾಯುವುದಿಲ್ಲ.

"ಎಂಜಿನ್ ಹಾಕಪ್ಪಾ!" ವೆಂಕಟರತ್ನಮ್ಮ ಗಂಡಸರನ್ನು ಸರಿಸಿಕೊಂಡು ಮುಂದೆ ಬಂದಿದ್ದಳು. "ನೀನು ಹೋಗು. ನಾವೇ ಸರೀತೀವಿ."

ತಮಟೆ ನಿಂತಿತು. ಹೆಣ ದಾರಿ ಬಿಡುವುದೆಂದರೇನು ಎಂದು ಹಿರಿಯರೊಬ್ಬರು ಗದರಿದರು. ವೆಂಕಟರತ್ನಮ್ಮ ಅವರ ಕಡೆ ನೋಡದೆ ಗಂಡನನ್ನೇ ನೋಡಿದಳು. ರಾಮಾಂಜಿನಪ್ಪನ ಕಣ್ಣು ಹೊಗೆಗೆ ಕೆಂಪಾಗಿತ್ತು. ಅವನು ಬಸ್ಸನ್ನು ನೋಡಿದ, ಹಿಂದೆ ಹೆಗಲುಗಳ ಮೇಲಿದ್ದ ಅವ್ವನನ್ನು ನೋಡಿದ. ಆಮೇಲೆ ಮಡಕೆಯನ್ನು ಭದ್ರವಾಗಿ ಹಿಡಿದು ರಸ್ತೆಯಿಂದ ರಾಗಿ ಹೊಲಕ್ಕೆ ಇಳಿದ.

ಹೊತ್ತವರು ಅವನ ಹಿಂದೆ ಇಳಿದರು. ಮೊಣಕಾಲುದ್ದದ ಪೈರಿನಲ್ಲಿ ಚಟ್ಟ ಓಲಾಡಿ ನೆಟ್ಟಗಾಯಿತು. ಬಸ್ಸು ಧೂಳೆಬ್ಬಿಸುತ್ತಾ ಹಾದುಹೋಗುವವರೆಗೂ ಕೊಂಡಮ್ಮ ಹೊಲದಲ್ಲಿ, ನಾಲ್ಕು ಹೆಗಲುಗಳ ಮೇಲೆ, ಕಾದಳು.