ಅಳತೆಯಮ್ಮನ ಕೋಳಿಗೂಡು

ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಬಟ್ಟೆ ಕತ್ತರಿಸಿದವಳನ್ನು ಅಲ್ಲಿ ಎಲ್ಲರೂ ಅಳತೆಯಮ್ಮ ಎನ್ನುತ್ತಿದ್ದರು. ಟೇಪು ಮುಟ್ಟದೆ ಬರಿಗಣ್ಣಿನಲ್ಲೇ ಭುಜದಗಲ ಹೇಳಿಬಿಡುತ್ತಿದ್ದಳು. ಆಮೇಲೆ ಟೇಪು ಹಿಡಿದು ನೋಡಿದರೆ ಕಾಲಿಂಚೂ ಆಚೀಚೆ ಆಗಿರುತ್ತಿರಲಿಲ್ಲ. ಕತ್ತರಿಸುವುದಕ್ಕೆ ಯಂತ್ರ ಬಂದ ವರ್ಷ ಅವಳನ್ನು ಮನೆಗೆ ಕಳಿಸಿದರು. ಹೊರಡುವಾಗ ಬಟ್ಟೆಯ ಅಳತೆ ಕತ್ತರಿಸಿಕೊಳ್ಳುವ ಕಂದು ಕಾಗದದ ಒಂದು ಸುರುಳಿ ಕೇಳಿ ತಂದಳು.

ಮನೆಯಲ್ಲಿ ಗಂಡ. ಕೆಲಸ ಬಿಟ್ಟು ಎರಡು ವರ್ಷವಾಗಿದ್ದರೂ ಬೀದಿಗೆಲ್ಲ ಅವನು ಇನ್ನೂ ಮೇಸ್ತ್ರಿಯೇ. ಯಾರ ಮನೆಯ ಗೋಡೆ ಬಿರುಕು ಬಿಟ್ಟರೂ ಅವನನ್ನು ಕರೆದು ತೋರಿಸುತ್ತಿದ್ದರು. ಅವನು ಗೋಡೆಯನ್ನು ಬೆರಳಿನಿಂದ ತಟ್ಟಿ, ಬೇರೆ ಯಾರೋ ಕಟ್ಟಿದ್ದು ಇದು ಎಂದು ನಗುತ್ತಿದ್ದ.

ಮನೆಯಲ್ಲಿ ಕೂತು ಮೂರನೇ ತಿಂಗಳಿಗೆ ಅಳತೆಯಮ್ಮನಿಗೆ ಹಿತ್ತಲಲ್ಲಿ ಕೋಳಿ ಸಾಕಬೇಕೆನಿಸಿತು. ಹಿಂದೆಂದೂ ಸಾಕಿದವಳಲ್ಲ. ಪಶು ಆಸ್ಪತ್ರೆಯ ಕಾಂಪೌಂಡರನ ಹತ್ತಿರ ಹೋಗಿ ಕೇಳಿದಳು. "ಮೊದಲನೇ ಸಲ ಐದರ ಮೇಲೆ ಬೇಡಮ್ಮ. ಮೊದಲು ಗೂಡು, ಆಮೇಲೆ ಕೋಳಿ. ಎಲ್ಲರೂ ಉಲ್ಟಾ ಮಾಡಿ ಆಮೇಲೆ ನನ್ನ ಹತ್ರ ಅಳ್ತಾ ಬರ್ತಾರೆ" ಎಂದ ಅವನು.

ಹದಿನೈದು ದಿನ ಅವಳು ಹಿತ್ತಲಲ್ಲಿ ನೆರಳು ಎಲ್ಲಿ ಬೀಳುತ್ತದೆ, ಮಳೆ ನೀರು ಯಾವ ಕಡೆ ಹರಿಯುತ್ತದೆ ಎಂದು ನೋಡಿದಳು. ಗೂಡಿನೊಳಗೆ ಕೋಳಿಯೊಂದಕ್ಕೆ ನಾಲ್ಕು ಚದರಡಿ, ಹೊರಗೆ ಓಡಾಡುವ ಅಂಗಳದಲ್ಲಿ ಹತ್ತು. ಕೂರುವ ಕೋಲು ಮೊಟ್ಟೆಪೆಟ್ಟಿಗೆಗಿಂತ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಪೆಟ್ಟಿಗೆಯಲ್ಲೇ ಮಲಗಿ ಗಲೀಜು ಮಾಡುತ್ತವೆ. ಲೆಕ್ಕ ಮುಗಿದ ಮೇಲೆ ಕಂದು ಕಾಗದದಲ್ಲಿ ಇಡೀ ಗೂಡಿನ ತಳವನ್ನು ಪೂರಾ ಅಳತೆಗೆ ಕತ್ತರಿಸಿ, ಮಣ್ಣಿನ ಮೇಲೆ ಹಾಸಿ, ಮೂಲೆಗಳಿಗೆ ಕಲ್ಲಿಟ್ಟಳು.

ಮೇಸ್ತ್ರಿ ಹಿಂಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ. "ಕೋಳಿಗೆ ಅಂಗಿ ಹೊಲೀತಿದೀಯೇನೇ?"

ಅವಳಿಗೂ ನಗು ಬಂತು. ಗೂಡು ಕಟ್ಟುವವನು ಅವನೇ ಆದ್ದರಿಂದ ಆಮೇಲೆ ಹೇಳಿದಳು: "ರೀ, ಒಂದೇ ಒಂದು ಮಾತು. ಸುತ್ತಲೂ ತಂತಿ ಜಾಲರಿ ಮಣ್ಣೊಳಗೆ ಒಂದೂವರೆ ಅಡಿ ಇಳೀಬೇಕು. ಇಲ್ಲಾಂದ್ರೆ ಮುಂಗುಸಿ ತೋಡ್ಕೊಂಡು ಬರುತ್ತಂತೆ."

"ನಲವತ್ತು ಮನೆಗೆ ಪಾಯ ಹಾಕಿದೋನಿಗೆ ಕೋಳಿಗೂಡಿನ ಪಾಯ ಹೇಳ್ಕೊಡ್ತೀಯಾ?"

"ಹೇಳ್ಕೊಡ್ತಿಲ್ಲ. ಕೇಳ್ಕೋತಿದೀನಿ."

ಅಷ್ಟರಲ್ಲಿ ಪಕ್ಕದೂರಿನಲ್ಲಿದ್ದ ಮಗಳಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಅಳತೆಯಮ್ಮ ಹತ್ತು ದಿನ ಅಲ್ಲಿದ್ದು ಬಂದಾಗ ಹಿತ್ತಲಲ್ಲಿ ಗೂಡು ಎದ್ದು ನಿಂತಿತ್ತು, ಹಸಿರು ಬಣ್ಣ ಬೇರೆ. ಚೀಲ ಕೆಳಗಿಟ್ಟವಳೇ ಟೇಪು ತಂದು ಅಳೆದಳು. ಎಲ್ಲ ಸರಿಯಾಗಿತ್ತು. ಸುತ್ತ ಮಣ್ಣನ್ನು ಬಡಿದು ಗಟ್ಟಿಯಾಗಿ, ನೀಟಾಗಿ ದಮ್ಮಸ್ಸು ಮಾಡಿದ್ದ.

"ಜಾಲರಿ ಇಳಿಸಿದ್ರಾ?"

"ಒಂದೂವರೆ ಯಾಕೆ, ಎರಡಡಿ ಇಳಿಸಿದೀನಿ. ಸಮಾಧಾನವಾಯ್ತಾ?"

ಸಮಾಧಾನವಾಯಿತು. ಅಷ್ಟೇ ಅಲ್ಲ, ಆವತ್ತು ಸಂಜೆ ಫೋನಿನಲ್ಲಿ ಮಗಳ ಮುಂದೆ ಗಂಡನನ್ನು ಬಾಯಿ ತುಂಬ ಹೊಗಳಿದಳು.

ಐದು ಕೋಳಿ ಬಂದವು. ವಾರದೊಳಗೆ ಅವಳ ಚಪ್ಪಲಿ ಸದ್ದಿಗೆ ಬಾಗಿಲಿಗೆ ಓಡಿಬರುವುದನ್ನು ಕಲಿತವು. ನಾಲ್ಕು ತಿಂಗಳಿಗೆ ಮೊಟ್ಟೆ ಶುರುವಾದವು. ಕಾರ್ಖಾನೆ ಬಿಟ್ಟ ಮೇಲೆ ಬೆಳಿಗ್ಗೆ ಏಳುವುದಕ್ಕೊಂದು ಕಾರಣ ಸಿಕ್ಕಿದ್ದು ಅವಳಿಗೆ ಆಗಲೇ.

ಒಂದು ದಿನ ಕನ್ನಡಕ ತರಲು ಪೇಟೆಗೆ ಹೋಗಿ ಹನ್ನೊಂದಕ್ಕೆ ಮರಳಿದಳು. ಚಪ್ಪಲಿ ಸದ್ದಿಗೆ ಯಾವುದೂ ಬರಲಿಲ್ಲ. ಅಂಗಳದಲ್ಲಿ ನಾಲ್ಕು ಕೋಳಿ ಕತ್ತು ಮುರಿದು ಬಿದ್ದಿದ್ದವು. ಐದನೆಯದು ಒಳಗೆ ಕೋಲಿನ ಮೇಲೆ ಗರಿ ಉಬ್ಬಿಸಿಕೊಂಡು ಕೂತಿತ್ತು, ಸದ್ದೇ ಇಲ್ಲ. ಹಿಂದಿನ ಮೂಲೆಯಲ್ಲಿ ಮರದ ಪಟ್ಟಿಯ ಕೆಳಗೆ ಗೇಣಗಲದ ಬಿಲ.

ಬಿಲದೊಳಗೆ ಕೈ ಹಾಕಿದಳು. ಮೊಣಕೈವರೆಗೆ ಹೋಯಿತು, ತಂತಿ ಸಿಗಲಿಲ್ಲ. ಗುದ್ದಲಿ ತಂದು ಅಗೆದಳು. ಎರಡಡಿ ಹೋದರೂ ಬರೀ ಮಣ್ಣು. ಉಳಿದ ಮೂರು ಬದಿಯಲ್ಲೂ ಅಗೆದು ನೋಡಿದಳು, ಎಲ್ಲೂ ತಂತಿಯಿಲ್ಲ.

ಮೇಸ್ತ್ರಿ ಕ್ಷೌರ ಮಾಡಿಸಿಕೊಂಡು ಬಂದ.

"ಜಾಲರಿ ಎಲ್ಲಿ?" ಎಂದಳು.

ಅವನು ಗುಂಡಿ ನೋಡಿದ, ಕೋಳಿ ನೋಡಿದ. "ನನ್ನ ತಂಗಿ ತಾರಸಿಗೆ ಬೇಕು ಅಂದ್ಲು. ಉಳಿದಿತ್ತು, ಕೊಟ್ಟೆ."

"ಇಳಿಸಿದ್ರೆ ಉಳೀತಿರ್ಲಿಲ್ಲ."

"ಗಟ್ಟಿ ನೆಲ ಕಣೇ ಇದು. ನನ್ನ ಅನುಭವದಲ್ಲಿ..."

"ಎರಡಡಿ ಅಂದ್ರಿ."

"ನೀನು ಬಿಡಬೇಕಲ್ಲ! ನಿನ್ನ ಬಾಯಿ ಮುಚ್ಚಿಸೋಕೆ ಅಂದೆ. ನಾಲ್ಕು ಕೋಳಿ ತಾನೆ, ನಾಳೆ ಹತ್ತು ತಂದ್ರಾಯ್ತು."

ಅವಳು ಗುದ್ದಲಿ ಎತ್ತಿಕೊಂಡಳು. ಕೋಳಿಗಳನ್ನು ಹೂಳುವಾಗ ತಲೆಗೆ ಬಂದದ್ದು ಬೇರೆಯೇ. ಮಗಳಿಗೆ ಹದಿನೇಳಾಗಿದ್ದಾಗ ನರ್ಸಿಂಗ್ ಓದಬೇಕೆಂದು ಹಟ ಹಿಡಿದಿದ್ದಳು. ಕಾರ್ಖಾನೆಯಲ್ಲಿ ರಜೆ ಸಿಗದೆ ಇವಳು ಗಂಡನನ್ನು ಕಾಲೇಜಿಗೆ ಕಳಿಸಿದ್ದಳು. "ಹೋಗಿ ಮಾತಾಡ್ಕೊಂಡು ಬಂದೆ. ಸೀಟಿಲ್ಲವಂತೆ" ಎಂದಿದ್ದ. ಮಗಳು ಈಗ ಔಷಧಿ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಾಳೆ. ಅವನು ಆವತ್ತು ಕಾಲೇಜಿನ ಮೆಟ್ಟಿಲು ಹತ್ತಿದ್ದನೇ ಎಂದು ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅನುಮಾನ ಬಂತು. ಬಂದದ್ದು ಹೋಗಲಿಲ್ಲ.

ಹೊಸ ಜಾಲರಿ ತಂದು ಅವಳೇ ಗೂಡಿನ ಸುತ್ತ ಕಾಲುವೆ ತೋಡಿ ಇಳಿಸಿದಳು. ಹನ್ನೊಂದು ದಿನ ಹಿಡಿಯಿತು. ಅಂಗೈ ಬೊಬ್ಬೆ ಒಡೆದು ಮತ್ತೆ ಬೊಬ್ಬೆ ಬಂತು. ಮೇಸ್ತ್ರಿ ಹಿಂಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಗುದ್ದಲಿ ಹಾಗಲ್ಲ ಹಿಡಿಯುವುದು ಎಂದು ಹೇಳುತ್ತಿದ್ದ. ಇನ್ನೂ ನಾಲ್ಕು ಕೋಳಿ ಬಂದವು. ಉಳಿದಿದ್ದ ಹಳೆಯದು ಅವುಗಳ ಜೊತೆ ಕೊನೆಗೂ ಬೆರೆಯಲಿಲ್ಲ.

ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ತಾನೂ ಕೋಳಿ ಸಾಕುತ್ತೇನೆಂದು ಹೆಂಡತಿಯನ್ನು ಕರೆದುಕೊಂಡು ಗೂಡು ನೋಡಲು ಬಂದ. ಮೇಸ್ತ್ರಿ ಎದ್ದು ನಿಂತು ವಿವರಿಸತೊಡಗಿದ. "ಮೇಲಿಂದು ಯಾರಾದ್ರೂ ಕಟ್ತಾರಪ್ಪ. ಗುಟ್ಟು ಇರೋದು ಮಣ್ಣೊಳಗೆ. ಜಾಲರಿ ಇಳಿಸಿದೀನಲ್ಲ, ಅಲ್ಲಿ."

"ಇಳಿಸಿದ್ದು ನಾನು" ಎಂದಳು ಅಳತೆಯಮ್ಮ.

ಎಲೆಕ್ಟ್ರಿಷಿಯನ್ ನಕ್ಕ. "ಮೇಸ್ತ್ರಿ ಮನೇಲಿ ಎಲ್ಲರೂ ಮೇಸ್ತ್ರಿಗಳೇ ಬಿಡಿ." ಮೇಸ್ತ್ರಿಯೂ ನಕ್ಕ.

"ನಗೋ ಮಾತಲ್ಲ. ಇವರು ಇಳಿಸಿರ್ಲಿಲ್ಲ, ಇಳಿಸಿದೀನಿ ಅಂತ ಸುಳ್ಳು ಹೇಳಿದ್ರು. ನಾಲ್ಕು ಕೋಳಿ ಸತ್ತಿದ್ದು ಅದಕ್ಕೇ."

ಬಂದವರು ನೆಲ ನೋಡುತ್ತ, ಒಲೆ ಮೇಲೆ ಹಾಲಿಟ್ಟು ಬಂದಿದ್ದೇವೆ ಎಂದು ಹೊರಟುಹೋದರು.

ಮೇಸ್ತ್ರಿ ಆವತ್ತೇ ತಂಗಿಯ ಮನೆ ಸೇರಿದ. ನಾದಿನಿ ಫೋನಿನಲ್ಲಿ, "ನಾಲ್ಕು ಕೋಳಿಗೋಸ್ಕರ ನಮ್ಮಣ್ಣನ ಮಾನ ಹರಾಜು ಹಾಕಿದ್ರಲ್ಲ ಅತ್ತಿಗೆ" ಎಂದು ಅತ್ತಳು. ಅದು ಅಳತೆಯಮ್ಮನಿಗೆ ತಟ್ಟಲಿಲ್ಲ. ಮರುದಿನ ಸಂಜೆ ಮಗಳು ಫೋನ್ ಮಾಡಿದಳು.

"ಅಪ್ಪ ಊಟಾನೇ ಮಾಡ್ತಿಲ್ಲವಂತಮ್ಮ. ಹೋಗ್ಲಿ ಬಿಡು ಅಂತ ಬಿಡಬಾರದಿತ್ತಾ? ನಮ್ಮಪ್ಪ ಯಾವತ್ತು ಯಾರಿಗೆ ಕೆಟ್ಟದ್ದು ಮಾಡಿದಾರೆ?"

"ನಿನ್ನ ಕಾಲೇಜಿಗೆ ಆವತ್ತು..." ಎಂದವಳು ಮಾತನ್ನು ಅಲ್ಲಿಗೇ ನಿಲ್ಲಿಸಿದಳು.

"ಏನಮ್ಮ?"

ಆ ಕಡೆ ಮಗಳ ಉಸಿರು ಕೇಳುತ್ತಿತ್ತು. ಮೂವತ್ನಾಲ್ಕು ವರ್ಷದ ಮಗಳು, ತಂದೆಯ ಮೇಲೆ ಪ್ರಾಣ ಇಟ್ಟುಕೊಂಡವಳು.

"ಏನಿಲ್ಲ. ಹೊಲಿಗೆ ಹಾಕಿದ ಜಾಗ ನೋಯುತ್ತಾ ಈಗಲೂ?"

"ಇಲ್ಲಮ್ಮ. ಅಪ್ಪನಿಗೊಂದು ಫೋನ್ ಮಾಡ್ತೀಯಾ?"

"ಮಾಡ್ತೀನಿ" ಎಂದಳು ಅಳತೆಯಮ್ಮ. ಫೋನಿಟ್ಟು ಹೋಗಿ ಗೂಡಿನ ಬಾಗಿಲು ಹಾಕಿ ಬಂದಳು. ಆ ದಿನ ಮಾಡಲಿಲ್ಲ, ಮರುದಿನವೂ ಮಾಡಲಿಲ್ಲ. ಮಾಡಿದೆಯಾ ಎಂದು ಮಗಳು ಕೇಳಿದಾಗ, ಮಾಡಿದೆ, ಅವರು ಎತ್ತಲಿಲ್ಲ ಎಂದಳು.