ಉಪ್ಪಿಟ್ಟು ಚಲೋ ಆಗೈತಿ

ನಾನು ಒಂದು ಪ್ಲೈವುಡ್ ಹಲಗೆ. ಧಾರವಾಡದ ಬಡಿಗನೊಬ್ಬ ಚಪ್ಪಲಿ ಕಪಾಟು ಮಾಡಿ ಉಳಿಸಿದ ತುಂಡು. ಕಪಾಟಾಗಿದ್ದರೆ ಚಪ್ಪಲಿಗಳನ್ನಾದರೂ ಕಾಯುತ್ತಿದ್ದೆ. ಹಲಗೆಯಲ್ಲಿ ಚಿತ್ರ ಕೊರೆದು ಅಚ್ಚು ತೆಗೆಯುವ ಇಟಗಿ ಸರ್ ಅವರ ಕೋಣೆಗೆ ಬಂದು ಬಿದ್ದೆ. ನನ್ನ ಒಂದು ಮೂಲೆಯಲ್ಲಿ ಗಂಟಿತ್ತು. ಸರ್ ಅದನ್ನು ಉಗುರಿನಿಂದ ಕೆರೆದು ನೋಡಿ ನನ್ನನ್ನು ಬಾಗಿಲ ಹಿಂದೆ ಸರಿಸಿದರು.

ಅಲ್ಲಿ ಶಾಯಿಯ ರೋಲರು ತೊಳೆಯಲು ದಾಕ್ಷಾಯಣಿ ಬರುತ್ತಿದ್ದಳು. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಮಾತು ಕಡಿಮೆ, ನೋಡುವುದು ಹೆಚ್ಚು.

"ಸರ್, ಈ ಹಲಗಿ ನಾ ತಗೊಳ್ಳಲೇನ್ರೀ?"

"ತಗೋ. ಒಲಿಗೆ ಹಾಕತೀಯೇನು?"

ಅವಳು ಒಲೆಗೆ ಹಾಕಲಿಲ್ಲ. ಊಟದ ಬಿಡುವಿನಲ್ಲಿ ಮೊಂಡು ಉಳಿ ಹಿಡಿದು ಕೊರೆದಳು. ಹಿಂದಿನ ವಾರ ತನ್ನನ್ನು ನೋಡಲು ಬಂದಿದ್ದ ಗಂಡಿನ ಕಡೆಯವರ ಚಿತ್ರ. ವರನ ತಲೆ ಕುರ್ಚಿಗಿಂತ ದೊಡ್ಡದು. ಅವನ ತಾಯಿಗೆ ಕುತ್ತಿಗೆಯೇ ಇಲ್ಲ, ತಂದೆಯ ಕೈ ಸೌಟಿನಂತಿದೆ. ಮೂವರೂ ತಟ್ಟೆಯನ್ನೇ ನೋಡುತ್ತಿದ್ದಾರೆ. ಬಾಗಿಲಿನ ಸಂದಿಯಲ್ಲಿ ಹತ್ತು ಕಾಲ್ಬೆರಳು, ಅದೇ ಅವಳು. ಕೆಳಗೆ, ಅಚ್ಚಿನಲ್ಲಿ ನೆಟ್ಟಗೆ ಬರಲೆಂದು ಹಿಂದುಮುಂದಾಗಿ ಕೊರೆದ ಎರಡು ಮಾತು: 'ಹುಡುಗಿ ಒಳಗ ಅದಾಳ. ಉಪ್ಪಿಟ್ಟು ಚಲೋ ಆಗೈತಿ.'

ಅವರು ಹುಡುಗಿ ಬೇಡವೆಂದು ಹೇಳಿ ಕಳಿಸಿದ್ದರು. ಆ ನೋವನ್ನು ಅವಳು ನನ್ನ ಹೊರತು ಯಾರ ಮುಂದೆಯೂ ಬಿಚ್ಚಿರಲಿಲ್ಲ.

"ಒಂದ ಪ್ರತಿ ತಗದು ಕೊಡ್ರಿ ಸರ್. ಹೊರಗ ಯಾರಿಗೂ ತೋರಸಬ್ಯಾಡ್ರಿ."

ಸರ್ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. "ಆತು. ತಾಯಾಣಿಗೂ ಒಂದ."

ಅಂದು ಅವಳು ಮನೆಗೆ ಹೋದದ್ದೇ ತಡ, ಇಪ್ಪತ್ತು ಹಾಳೆ ತೆಗೆದರು. ಹಲಗೆಯ ಜಾತಿಯೇ ಹಾಗೆ. ಯಾರು ಒತ್ತಿದರೂ ಕೊಟ್ಟುಬಿಡುತ್ತದೆ. ಒಂದು ಹಾಳೆಯ ಮೇಲಾದರೂ ನಾನು ಮಸುಕಾಗಿ ಬೀಳಬೇಕಿತ್ತು. ಇಪ್ಪತ್ತೂ ಚೊಕ್ಕವಾಗಿ ಬಂದವು. ಇಪ್ಪತ್ತರ ಕೆಳಗೂ ಸರ್ ತಮ್ಮ ಹೆಸರು ಬರೆದರು.

ಸರ್ ಅವರ ಚಿತ್ರಪ್ರದರ್ಶನದ ದಿನ ಗೋಡೆಯ ಮೇಲೆ ಚಿತ್ರ, ಅದರ ಕೆಳಗೆ ಮೇಜಿನ ಮೇಲೆ ನಾನು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಗೆರಿ ಎಷ್ಟ ಸೊಟ್ಟ ಅದಾವ ನೋಡ್ರಿ! ಬೇಕಂತನ ಹಂಗ ಮಾಡ್ಯಾರ."

ದಾಕ್ಷಾಯಣಿ ಚಹಾದ ತಟ್ಟೆ ಹಿಡಿದು ಬಂದಳು. ಗೋಡೆ ನೋಡಿದಳು. ತಟ್ಟೆಯನ್ನು ಒಬ್ಬೊಬ್ಬರ ಮುಂದೆ ಹಿಡಿಯುತ್ತ ಹೋದಳು. ನಗುತ್ತಿದ್ದವರು ಕಪ್ಪು ತೆಗೆದುಕೊಂಡರೇ ಹೊರತು ಯಾರೂ ಅವಳ ಮುಖ ನೋಡಲಿಲ್ಲ.

ಮರುದಿನ ಕೇಳಿದಳು. "ಒಂದ ಅಂದಿದ್ರಿ, ಸರ್."

"ಹಲಗಿ ನಂದು, ಮಷಿನ್ ನಂದು. ಸೊಟ್ಟ ಗೆರಿ ಅಷ್ಟ ನಿಂದು," ಎಂದರು ಸರ್. 'ತಗೋ' ಎಂದು ಕೊಟ್ಟದ್ದು ಅವರಿಗೆ ಮರೆತಿತ್ತು. ನನಗೆ ಮರೆತಿರಲಿಲ್ಲ.

ಬೇಕಾದಷ್ಟು ಪ್ರತಿ ತೆಗೆದ ಮೇಲೆ, ಮತ್ತೆ ಯಾರೂ ಅಚ್ಚು ಹಾಕಬಾರದೆಂದು ಹಲಗೆಗೆ ಅಡ್ಡಗೀರು ಎಳೆಯುವುದು ಈ ಕಸುಬಿನ ಪದ್ಧತಿ. ಸರ್ ಅವಳ ಮುಂದೆಯೇ ಉಳಿ ಎಳೆದರು. ಗೀರು ಉಪ್ಪಿಟ್ಟು ತಿನ್ನುವವರನ್ನು ಮುಟ್ಟಲಿಲ್ಲ. ಆ ಹತ್ತು ಕಾಲ್ಬೆರಳುಗಳ ಮೇಲೆ ಹಾದುಹೋಯಿತು. ಗೀರು ಬಿದ್ದ ನನ್ನಿಂದ ಕೊನೆಯ ಪ್ರತಿ ತೆಗೆದು ಅವಳತ್ತ ಚಾಚಿದರು.

"ಆಣಿ ಮಾಡಿದ್ನಲ್ಲಾ, ತಗೋ ನಿನ್ನ ಒಂದು."

ಅವಳು ಹಾಳೆ ಮುಟ್ಟಲಿಲ್ಲ. ನನ್ನನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟಳು. ಮತ್ತೆ ಆ ಕೋಣೆಗೆ ಬರಲಿಲ್ಲ.

ಈಗ ನಾನಿರುವುದು ಅವಳ ಅಡುಗೆಮನೆಯಲ್ಲಿ. ಮುಖ ಕಟ್ಟೆಯ ಕಲ್ಲಿಗೆ, ಬೆನ್ನು ಚಾಕುವಿಗೆ. ಉಳ್ಳಾಗಡ್ಡಿ, ಮೆಣಸಿನಕಾಯಿ ಹೆಚ್ಚಿ ಹೆಚ್ಚಿ ಬೆನ್ನು ತಗ್ಗಾಗಿದೆ. ಅವಳು ಒಮ್ಮೆಯೂ ನನ್ನನ್ನು ತಿರುವಿ ನೋಡಿಲ್ಲ. ಇಪ್ಪತ್ತು ಸಲ ಬಾಯಿಬಿಟ್ಟವರ ಮುಖ ಯಾರು ನೋಡುತ್ತಾರೆ?

ಮೊನ್ನೆ ಮತ್ತೊಂದು ಗಂಡಿನ ಕಡೆಯವರು ಬಂದಿದ್ದರು. ಅವಳು ನನ್ನ ಮೇಲೆ ಚಹಾಕ್ಕೆ ಶುಂಠಿ ಜಜ್ಜುತ್ತಿದ್ದಳು. ಹೊರಗಿನಿಂದ ಗಂಡು ದನಿಯೊಂದು ಕೇಳಿತು:

"ಉಪ್ಪಿಟ್ಟು ಚಲೋ ಆಗೈತಿ."

ಅವಳ ಕೈ ನಿಂತಿತು. ಎರಡೂ ಅಂಗೈಗಳನ್ನು ನನ್ನ ಬೆನ್ನ ಮೇಲಿಟ್ಟು, ಮೈಭಾರವೆಲ್ಲ ಹಾಕಿ ಒತ್ತಿದಳು. ಕೆಳಗೆ ಶಾಯಿ ಇರಲಿಲ್ಲ, ಹಾಳೆಯೂ ಇರಲಿಲ್ಲ. ಈ ಸಲ ನಾನು ಯಾರಿಗೂ ಏನೂ ಕೊಡಲಿಲ್ಲ.